ಉಪ್ಪುನೀರಿನಲ್ಲಿ ಬಳಸುವ ರೀಲಿಗೆ ಯಾವ ಎಣ್ಣೆ ಸೂಕ್ತ?

ಪ್ರಶ್ನೆ:
ಮಲ್ಪೆಯ ಕಡಲತೀರದಲ್ಲಿ ಗಾಳ ಹಾಕಲು ಬಳಸುವ ನನ್ನ ಸ್ಪಿನ್ನಿಂಗ್ ರೀಲು, ದಾರ ಸುತ್ತುವಾಗ ಕಿರುಗುಟ್ಟುತ್ತಿದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಿಡಬಹುದೇ ಅಥವಾ ಗ್ರೀಸನ್ನೇ ಹಚ್ಚಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಎರಡೂ ಬೇಕು, ಆದರೆ ಒಂದೇ ಜಾಗಕ್ಕಲ್ಲ. ವೇಗವಾಗಿ ತಿರುಗುವ ಬೇರಿಂಗುಗಳಿಗೆ ಮತ್ತು ಲೈನ್ ರೋಲರಿಗೆ (ದಾರ ಹಾಯುವ ಪುಟ್ಟ ಉರುಳೆ) ತೆಳುವಾದ ಎಣ್ಣೆಯನ್ನೂ, ಭಾರ ಹೊರುವ ಗೇರುಗಳಿಗೆ ನೀರಿನಲ್ಲಿ ತೊಳೆದುಹೋಗದ ಗ್ರೀಸನ್ನೂ ಬಳಸಬೇಕು. ಒದ್ದೆ ದಾರ ಸದಾ ಲೈನ್ ರೋಲರಿನ ಮೇಲೆಯೇ ಹಾಯುವುದರಿಂದ ಉಪ್ಪು ಮೊದಲು ಸೇರುವುದು ಅಲ್ಲಿಗೆ. ನಿಮ್ಮ ರೀಲಿನ ಸದ್ದೂ ಅಲ್ಲಿಂದಲೇ ಬರುತ್ತಿರಬಹುದು. ಅದರ ಸ್ಕ್ರೂ ಬಿಚ್ಚಿ, ಚೆನ್ನಾಗಿ ಒರೆಸಿ, ಒಂದೇ ಒಂದು ಹನಿ ಬಿಡಿ. ಹೊಲಿಗೆ ಯಂತ್ರದ ಎಣ್ಣೆಯಿಂದ ಕೆಲಸ ನಡೆಯುತ್ತದೆ, ಆದರೆ ಉಪ್ಪುನೀರಿನಲ್ಲಿ ಅದು ಹೆಚ್ಚು ಕಾಲ ನಿಲ್ಲದ ಕಾರಣ ಮತ್ತೆ ಮತ್ತೆ ಬಿಡಬೇಕಾಗುತ್ತದೆ.

ಎರಡನೆಯ ಉತ್ತರ:
ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್ಚಿಗೆ ದಪ್ಪ ಗ್ರೀಸ್ ತಾಗದಂತೆ ಎಚ್ಚರ ವಹಿಸಿ. ಅದರೊಳಗಿನ ಸಣ್ಣ ರೋಲರುಗಳು ಅಂಟಿಕೊಂಡರೆ, ದೊಡ್ಡ ಮೀನು ಎಳೆಯುವ ಹೊತ್ತಿಗೇ ಹಿಡಿತ ಜಾರುತ್ತದೆ. ಮೀನು ಎಳೆದಾಗ ದಾರವನ್ನು ಬಿಗಿಹಿಡಿದೇ ಬಿಟ್ಟುಕೊಡುವ ಡ್ರ್ಯಾಗಿನ ಕಾರ್ಬನ್ ವಾಷರುಗಳಿಗೂ ಎಣ್ಣೆ ಬೇಡ. ಡ್ರ್ಯಾಗಿಗೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಲೈನ್ ರೋಲರ್ ಬಿಚ್ಚಿ ನೋಡಿದಾಗ ಬೇರಿಂಗಿನ ಸುತ್ತ ಉಪ್ಪು ಬೆಳ್ಳಗೆ ಗಟ್ಟಿಯಾಗಿತ್ತು. ಆ ಬೇರಿಂಗನ್ನು ಬದಲಿಸಬೇಕೇ?

ಮೊದಲ ಉತ್ತರ ಬರೆದವರು:
ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಬಿಟ್ಟ ಮೇಲೂ ಬೆರಳಿನಲ್ಲಿ ತಿರುಗಿಸಿದಾಗ ಗರಗರ ಎಂದರೆ ಬದಲಿಸಿ.