ಮಿಲಿಷಿಯಾಕ್ಕ ಕನ್ನಡದಾಗ ಏನಂತೀರಿ? (ತುರ್ತು)

ಗದಗದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ 'ಅಮೆರಿಕದ 13 ವಸಾಹತುಗಳು ಬ್ರಿಟಿಷರನ್ನು ಗೆದ್ದದ್ದು ಹೇಗೆ' ಅಂತ ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಫ್ಲೆಕ್ಸಿನವನಿಗೆ ಕೊಡಬೇಕು. ಫ್ರೆಂಚರ ನೆರವು, ಸಮುದ್ರ ದಾಟಿಸಿ ದಂಡು ಸಾಕುವ ಖರ್ಚು, ಪಾರ್ಲಿಮೆಂಟಿಗೆ ಬಂದ ಬೇಸರ, ಇಷ್ಟೂ ಸಲೀಸಾಗಿ ಬಂತು. ಸಿಕ್ಕಿಕೊಂಡದ್ದು 'ಮಿಲಿಷಿಯಾ'ದಲ್ಲಿ. ಕರೆ ಬಂದಾಗ ಬಂದೂಕು ಹಿಡಿದು, ಸುಗ್ಗಿಗೆ ಮನೆಗೆ ಮರಳುವ ರೈತರು. 'ನಾಗರಿಕ ಸೇನೆ' ಅಂದರೆ ಮಕ್ಕಳು ಹೋಮ್‌ಗಾರ್ಡ್ ಅಂದುಕೊಳ್ಳುತ್ತಾರೆ.

ಧಾರವಾಡದಿಂದ:
ಶೆಟ್‌ಸನದಿ. ಸಂಗೊಳ್ಳಿ ರಾಯಣ್ಣ ಯಾರಾಗಿದ್ದ ಮತ್ತ? ಶೇತ್ ಅಂದರೆ ಮರಾಠಿಯಲ್ಲಿ ಹೊಲ, ಸನದು (ದೊರೆಯ ದಾನಪತ್ರ) ಫಾರ್ಸಿ ಹಾದಿಯಲ್ಲಿ ಬಂದ ಅರಬ್ಬಿ. ಹೊಲವನ್ನೂ ಕತ್ತಿಯನ್ನೂ ಒಟ್ಟಿಗೆ ಹೇಳುವ ಇಂಥ ಪದ ಮನೆಯಲ್ಲೇ ಇರುವಾಗ ಹೊಸದನ್ನು ಟಂಕಿಸುವ ಚಟ ಯಾಕೆ?

ಹಾವೇರಿಯಿಂದ:
ಅರ್ಧ ಮರಾಠಿ, ಅರ್ಧ ಅರಬ್ಬಿ. ಕನ್ನಡ ಎಲ್ಲಿ? 'ಊರಪಡೆ' ಅನ್ನಿ, ಮುಗಿಯಿತು. ನಮ್ಮ ಕಡೆ ಊರೂರಿಗೆ ತುರುಗೋಳಿನ ವೀರಗಲ್ಲುಗಳಿವೆ. ದನ ಬಿಡಿಸಲು ಹೋಗಿ ಸತ್ತವರಿಗೆ ಯಾರು ಸನದು ಕೊಟ್ಟಿದ್ದರು?

ಹುಬ್ಬಳ್ಳಿಯಿಂದ:
ಶೆಟ್‌ಸನದಿ ನನಗೂ ಒಪ್ಪಿಗೆಯಿಲ್ಲ, ಕಾರಣ ಬೇರೆ. ಅವನು ದೊರೆ ಕೊಟ್ಟ ಹೊಲ ಉಂಡು ಚಾಕರಿ ಮಾಡುವವ. ಅಲ್ಲಿ ಬಹುತೇಕ ವಸಾಹತುಗಳಲ್ಲಿ ಮೈಗಟ್ಟಿ ಇದ್ದ ಬಿಳಿಯ ಗಂಡಸು ಕವಾಯತಿಗೆ ಬರಲೇಬೇಕೆಂಬ ಕಾಯಿದೆ ಇತ್ತು. ಅಕ್ಕಾರ, ಜಾಗ ಇದ್ದರೆ ಕೌಪೆನ್ಸ್ ಕಾಳಗ ಹಾಕ್ರಿ. 1781ರ ಜನವರಿ. ಎರಡು ಸುತ್ತು ಗುಂಡು ಹಾರಿಸಿ ಹಿಂದಕ್ಕೆ ಸರಿಯಿರಿ ಅಂತ ಅಮೆರಿಕದವರ ದಂಡನಾಯಕ ಮಾರ್ಗನ್ ಈ ರೈತರಿಗೆ ಹೇಳಿಟ್ಟಿದ್ದ. ಹೆದರಿ ಓಡಿದರು ಅಂತ ಬೆನ್ನುಹತ್ತಿದ ಬ್ರಿಟಿಷ್ ಸರದಾರ ಟಾರ್ಲ್‌ಟನ್‌ನ ದಂಡು ಹಿಂದೆ ಕಾದಿದ್ದ ಖಾಯಂ ಸಿಪಾಯಿಗಳ ಬಂದೂಕಿಗೆ ನೇರ ಸಿಕ್ಕಿತು. ಹಾಗಂತ ಇವರೇ ಗೆಲ್ಲಿಸಿದರು ಅಂತ ಬರೀಬ್ಯಾಡ್ರಿ. ವಾಷಿಂಗ್ಟನ್‌ನಿಗೇ ಇವರ ಮೇಲೆ ಭರವಸೆ ಕಡಿಮೆ. ಅದೇ ವರ್ಷ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದದ್ದು ಫ್ರೆಂಚ್ ಹಡಗುಗಳು ಚೆಸಪೀಕ್ ಕೊಲ್ಲಿಯ ಬಾಯಿ ಕಟ್ಟಿದ್ದರಿಂದ. ಅವನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಸೋತು ಹೋದವ ನಮ್ಮ ಪಾಲಿಗೆ ಗಂಟುಬಿದ್ದ!

ಹಾವೇರಿಯಿಂದ:
ಕವಾಯತು, ಖಾಯಂ, ಸಿಪಾಯಿ, ಬಂದೂಕು. ಇದರಲ್ಲಿ ಕನ್ನಡವನ್ನು ದುರ್ಬೀನು ಹಾಕಿ ಹುಡುಕಬೇಕು.

ಧಾರವಾಡದಿಂದ:
ದುರ್ಬೀನು ಯಾವ ಊರಿನ ಕನ್ನಡ ಮಾಸ್ತರ? ನಿಮ್ಮ ಹಾವೇರಿ 'ಜಿಲ್ಲೆ'ಯೂ ಅರಬ್ಬಿಯೇ. ಮೊದಲು ಆ ಬೋರ್ಡು ಇಳಿಸಿ ಬರ್ರಿ.

ಹಾವೇರಿಯಿಂದ:
ಬಂದದ್ದನ್ನೆಲ್ಲ ಹೊರಗೆ ಹಾಕಿ ಅಂತ ನಾನು ಎಲ್ಲಿ ಹೇಳಿದೆ? ಇರುವ ಪದವನ್ನು ಬಿಟ್ಟು ಕಡ ತರಬೇಡಿ ಅಂದೆ. ಚರ್ಚೆ ದಿಕ್ಕು ತಪ್ಪಿಸಬೇಡಿ.

ಗದಗದಿಂದ:
'ಊರಪಡೆ' ಅಂತಲೇ ಕೊಟ್ಟೆ. ಕೌಪೆನ್ಸ್‌ಗೂ ಎರಡು ಸಾಲು ಜಾಗ ಮಾಡಿದೆ. ಎಲ್ಲರಿಗೂ ಧನ್ಯವಾದ.

ಧಾರವಾಡದಿಂದ:
ಅವಸರದಾಗ ಕೆಟ್ಟ ಪದ ಗೆದ್ದಿತು.

ಹಾವೇರಿಯಿಂದ:
ಬಿಡಿಸಿ ಬರೆಯಬೇಡಿ. ಊರಪಡೆ, ಒಂದೇ ಪದ.