ಹಾಸನದಿಂದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ 40 ಮಕ್ಕಳು, ಎರಡು ವೀಲ್‌ಚೇರ್: ರೈಲಾ, ಬಸ್ಸಾ?

ಹೇಮಾವತಿ ದಂಡೆ: ಎಂಟನೇ ಕ್ಲಾಸಿನ 40 ಮಕ್ಕಳು, ಹಾಸನದಿಂದ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗೆ. ಇಬ್ಬರು ವೀಲ್‌ಚೇರ್‌ನಲ್ಲಿ, ಒಬ್ಬಳಿಗೆ ಕಣ್ಣು ಕಾಣಲ್ಲ, ಒಬ್ಬನಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಕಿವಿಯೊಳಗೆ ಕೂರಿಸಿದ ಸಾಧನ). ಹೇಗೆ ಹೋಗೋದು?

ಗಾಲಿಗೆಳೆಯ: ರೈಲೇ ಸರಿ. ಶ್ರವಣಬೆಳಗೊಳದ ಮೇಲೆ ಯಶವಂತಪುರ, ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್. ಮೆಟ್ರೊ ನಿಲ್ದಾಣಗಳಲ್ಲೆಲ್ಲ ಲಿಫ್ಟ್, ಬಾಗಿಲೂ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುತ್ತೆ.

ಬಿ.ಎಂ. ರಸ್ತೆ: ಮೆಟ್ರೊ ಸರಿ ಸಾರ್, ರೈಲು? ಬೋಗಿಯ ನೆಲ ಪ್ಲಾಟ್‌ಫಾರ್ಮಿಗಿಂತ ಎತ್ತರ, ಹತ್ತಿಸೋಕೂ ಇಳಿಸೋಕೂ ಮಗುವನ್ನು ಎತ್ತಲೇಬೇಕು. ಮೆಜೆಸ್ಟಿಕ್‌ನ ಜಂಗುಳಿಯಲ್ಲಿ 40 ತಲೆ ಎಣಿಸೋದು ಬೇರೆ. ಕಬ್ಬನ್ ಪಾರ್ಕ್‌ನಿಂದ ಮ್ಯೂಸಿಯಂವರೆಗೆ ಫುಟ್‌ಪಾತ್ ಎಲ್ಲಾದರೂ ಕಿತ್ತಿದ್ದರೆ ಮುಂದಿನ ಪುಟ್ಟ ಚಕ್ರ ಸಿಕ್ಕಿಬೀಳುತ್ತೆ. ಬಾಡಿಗೆ ಬಸ್ ಆದರೆ ಕುರ್ಚಿ ಮಡಚಿ ಡಿಕ್ಕಿಗೆ, ಮಕ್ಕಳು ಸೀಟಿಗೆ, ಗೇಟಿನ ಮುಂದೆ ಇಳಿದರಾಯಿತು.

ಗಾಲಿಗೆಳೆಯ: ಬಸ್ಸಿನ ಮೆಟ್ಟಿಲು ಇನ್ನೂ ಕಡಿದು, ಅಲ್ಲೂ ಹೊರೋದು ತಪ್ಪಲ್ಲ. ಬ್ಯಾಟರಿ ಕುರ್ಚಿಯಾದರೆ ಬಹುಪಾಲು ಮಡಚೋಕೂ ಆಗಲ್ಲ.

ಹೇಮಾವತಿ ದಂಡೆ: ಎರಡು ಕುರ್ಚಿಯೂ ಕೈಯಿಂದ ತಳ್ಳೋವೇ, ಮಡಚಬಹುದು.

ಬಿ.ಎಂ. ರಸ್ತೆ: ಹಾಗಾದರೆ ಬಸ್ಸೇ. ಮಗು ಕೂತಿರುವ ಕುರ್ಚಿ ಎತ್ತಬೇಕಾದರೆ ಕೈಯಾಸರೆ, ಕಾಲುಮಣೆ ಹಿಡೀಬೇಡಿ, ಕಳಚಿ ಬರುತ್ತವೆ. ಹಿಂದೆ ತಳ್ಳುವ ಹಿಡಿ, ಮುಂದೆ ಚೌಕಟ್ಟಿನ ಕೊಳವೆ.

ಅಳತೆಪಟ್ಟಿ: ನೀವಿಬ್ಬರೂ ದಾರಿಗೇ ಜಗಳ ಆಡ್ತಿದ್ದೀರಿ, ತೊಂದರೆ ಇರೋದು ಒಳಗೆ. ಎಂಜಿನ್ ಹಾಲ್ ನೆಲಮಹಡಿಯಲ್ಲಿದೆ, ಮಿಕ್ಕವು ಹಲವು ಮಹಡಿಗಳಲ್ಲಿ ಹಂಚಿವೆ. ಎಂಟು ಜನರ ಸಾಮಾನ್ಯ ಲಿಫ್ಟ್ ಅಂದರೆ ಸುಮಾರು 1.1 ಮೀ. × 1.3 ಮೀ.; ಒಂದು ಕುರ್ಚಿ, ಒಬ್ಬ ಸಹಾಯಕ, ಅಷ್ಟೇ. 40 ಮಕ್ಕಳೂ ಒಟ್ಟಿಗೆ ಮಹಡಿ ಬದಲಿಸಿದರೆ ಈ ಇಬ್ಬರು ಪ್ರತಿಸಲ ಕೊನೆಗೆ ಬಂದು, ವಿವರಣೆ ಮುಗಿದ ಮೇಲೆ ಬೆನ್ನುಗಳನ್ನು ನೋಡ್ತಾರೆ. ಹತ್ತತ್ತರ ನಾಲ್ಕು ಗುಂಪು ಮಾಡಿ, ಕುರ್ಚಿಗಳು ಎರಡು ಬೇರೆ ಗುಂಪಿನಲ್ಲಿರಲಿ, ಆ ಗುಂಪುಗಳು ಮೇಲಿಂದ ಕೆಳಕ್ಕೆ ಬರಲಿ. ಮೊದಲೇ ಫೋನ್ ಮಾಡಿ ಲಿಫ್ಟ್ ಬಾಗಿಲಿನ ಅಗಲ ಕೇಳಿ, "ವ್ಯವಸ್ಥೆ ಇದೆ" ಅನ್ನೋ ಉತ್ತರಕ್ಕೆ ಒಪ್ಪಬೇಡಿ.

ಮೆಟ್ಟಿಲ ಮೇಲೆ ಕುರ್ಚಿ ಹತ್ತಿಸೋಕೆ ಹಲಗೆ ಒಯ್ಯೋದಾದರೆ ಇಳಿಜಾರು 1:12, ಅಂದರೆ ಎತ್ತರದ ಹನ್ನೆರಡರಷ್ಟು ಉದ್ದ. ಒಂದು 15 ಸೆಂ.ಮೀ. ಮೆಟ್ಟಿಲಿಗೇ 1.8 ಮೀಟರ್ ಬೇಕು. ಗಿಡ್ಡ ಹಲಗೆಯಾದರೆ ಕುರ್ಚಿ ಹಿಂದಕ್ಕೆ ವಾಲುತ್ತೆ.

ಮಲ್ನಾಡ್ ಮೇಡಂ: ಇಂಪ್ಲಾಂಟ್ ಇರುವ ಹುಡುಗ ಕೂದಲು ನಿಮಿರಿಸುವ ವ್ಯಾನ್ ಡಿ ಗ್ರಾಫ್ ಗೋಳದ ಹತ್ತಿರ ಹೋಗೋದು ಬೇಡ. ಸ್ಥಿರವಿದ್ಯುತ್ ಹಾರಿದರೆ ಅವನು ಹೊರಗೆ ಹಾಕಿಕೊಳ್ಳುವ ಪ್ರೊಸೆಸರ್‌ನ ಪ್ರೋಗ್ರಾಂ ಕೆಡಬಹುದು, ಹೊರಗಿನ ಭಾಗ ಕಳಚಿಟ್ಟರೂ ಒಳಗಿನದ್ದು ಇದ್ದೇ ಇರುತ್ತೆ.

ಕಣ್ಣು ಕಾಣದವಳಿಗೆ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಬರೀ ಮಾತಾಗಿಬಿಡುತ್ತೆ. ಹೊರಡುವ ಮುಂಚೆ ಶಾಲೆ ಮೈದಾನದಲ್ಲಿ ರೆಕ್ಕೆಯಗಲ 12.3 ಮೀಟರಿನ ಹಗ್ಗ ಕಟ್ಟಿ ಹಿಡಿದು ನಡೆಸಿ. ಆಮೇಲೆ 36.5 ಮೀಟರ್: 1903ರ ಮೊದಲ ಹಾರಾಟ ಅಷ್ಟೇ ದೂರ, 12 ಸೆಕೆಂಡು.

ಗಾಲಿಗೆಳೆಯ: ಹಗ್ಗ ಎಲ್ಲ ಮಕ್ಕಳಿಗೂ ಹಿಡಿಸಿ ಮೇಡಂ. ಬಸ್ಸು ಒಪ್ಪಿದೆ, ಆದರೆ ಡಿಕ್ಕಿಯಲ್ಲಿ ಕುರ್ಚಿ ಮೇಲೆ ಅಡುಗೆ ಪಾತ್ರೆ ಪೇರಿಸಬೇಡಿ, ಕಡ್ಡಿ ಬಾಗಿದರೆ ಚಕ್ರ ಓಲಾಡುತ್ತೆ.