ಬರಗಾಲದಲ್ಲಿ ವಲಸೆ ಬಂದ ಮನೆತನದ ಮೂಲ ಊರನ್ನು ಪತ್ತೆ ಹಚ್ಚುವುದು ಹೇಗೆ?

ನವನಗರವಾಸಿ

ನಮ್ಮದು ಬಾಗಲಕೋಟೆ ಜಿಲ್ಲೆಯ ಒಕ್ಕಲುತನದ ಮನೆತನ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಮನೆ ಮುಳುಗುವ ಮುನ್ನ ಹೊರತಂದ ತಗಡಿನ ಟ್ರಂಕಿನಲ್ಲಿ ಜಮೀನಿನ ಕೆಲವು ಉತಾರಗಳೂ (ಪಹಣಿ ಪತ್ರಗಳು), ಮನೆಯಲ್ಲಿ ಯಾರಿಗೂ ಓದಲು ಬಾರದ ಮೂರು ಕಾಗದಗಳೂ ಇವೆ. ಅಜ್ಜನ ಅಜ್ಜ ಧಾತು ಸಂವತ್ಸರದ ಬರದಲ್ಲಿ ಒಂಟಿ ಎತ್ತು ಹೊಡೆದುಕೊಂಡು ಈ ಊರಿಗೆ ಬಂದನೆಂದು ಹಿರಿಯರು ಹೇಳುತ್ತಾರೆ. ಎಲ್ಲಿಂದ ಬಂದನೆಂಬುದರಲ್ಲಿ ಮಾತ್ರ ದೊಡ್ಡಪ್ಪನ ಮಾತಿಗೂ ಸೋದರತ್ತೆಯ ಮಾತಿಗೂ ತಾಳೆಯಾಗುವುದಿಲ್ಲ. ಹುಡುಕಾಟವನ್ನು ಎಲ್ಲಿಂದ ಆರಂಭಿಸಲಿ?

ಘಟಪ್ರಭಾ

ಮೊದಲು ನಿಮ್ಮ ಮನೆತನದ ಹೆಳವರು ಯಾರೆಂದು ಭಾವಬಂದರಲ್ಲಿ (ದಾಯಾದಿಗಳಲ್ಲಿ) ವಿಚಾರಿಸಿರಿ. ಎತ್ತಿನ ಮೇಲೆ ಊರೂರು ತಿರುಗಿ, ತಮಗೆ ಸೇರಿದ ಮನೆಗಳ ವಂಶಾವಳಿ ಹೇಳುವುದು ಅವರ ಕುಲವೃತ್ತಿ. ಬಂದಾಗಲೆಲ್ಲ ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಚೋಪಡಿಗೆ (ವಂಶಾವಳಿಯ ಪುಸ್ತಕಕ್ಕೆ) ಸೇರಿಸಿಕೊಂಡು ಹೋಗುತ್ತಾರೆ. ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತ ಹೆಳವರು ಏಳು ತಲೆಯ ಹೆಸರುಗಳನ್ನು ರಾಗವಾಗಿ ಓದುತ್ತ ಹೋಗಿ, ನನ್ನ ಮುತ್ತಜ್ಜನ ಅಣ್ಣನೊಬ್ಬನ ಹೆಸರಿನ ಬಳಿ ತಡೆದು, ‘ಇವನ ಬಳ್ಳಿ ಇಲ್ಲಿಗೇ ನಿಂತಿತು’ ಎಂದರು. ಅಂಥವನೊಬ್ಬನಿದ್ದನೆಂಬುದೇ ನಮಗಾರಿಗೂ ತಿಳಿದಿರಲಿಲ್ಲ. ಅವರಿಗೆ ಕೊಡುವ ಕಾಳು, ಬಟ್ಟೆ, ಹಣವನ್ನು ಭಿಕ್ಷೆಯೆಂದು ತಿಳಿಯಬೇಡಿರಿ. ಅದು ಅವರಿಗೆ ಸಲ್ಲಬೇಕಾದ ಆಯ.

ಹಳೆ ಕಾಗದ

ಹೆಳವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಇಸವಿ ಬೇಕಿದ್ದರೆ ಕಂದಾಯ ದಾಖಲೆಗಳನ್ನೇ ನೋಡಬೇಕು. ನಿಮ್ಮ ಆ ಮೂರು ಕಾಗದಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಕಡೆಯ ಹಳೆಯ ದಾಖಲೆಗಳಲ್ಲಿ ಮೋಡಿ ಬರಹ ಸಾಮಾನ್ಯ. ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ವಾರಸಾ ನೋಂದಣಿ: ಜಮೀನಿನ ಒಡೆಯ ತೀರಿಕೊಂಡಾಗ ಹಕ್ಕು ಯಾರ ಯಾರ ಹೆಸರಿಗೆ ಹೋಯಿತೆಂಬುದು ಅಲ್ಲಿರುವುದರಿಂದ ಒಂದು ತಲೆಮಾರಿನ ಗಂಡುಮಕ್ಕಳ ಪಟ್ಟಿಯೇ ಸಿಕ್ಕಂತಾಗುತ್ತದೆ. ಬರದ ಕಾಲದಲ್ಲಿ ನಿಮ್ಮ ಪ್ರದೇಶ ಕಲಾದಗಿ ಜಿಲ್ಲೆಯಲ್ಲಿತ್ತು; ಆದ್ದರಿಂದ ಹಳೆಯ ಕಡತಗಳನ್ನು ಆ ಹೆಸರಿನಲ್ಲಿಯೂ ಹುಡುಕಿರಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ವಾಡಿಕೆಯಿಂದ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ತಂದೆಯ ಹೆಸರನ್ನು ಕೂಡಿಸಿ ಓದದೆ ನಾನೇ ಒಮ್ಮೆ ಇಬ್ಬರನ್ನು ಒಬ್ಬನೆಂದು ಬರೆದುಕೊಂಡು ಎರಡು ವರ್ಷ ಅಡ್ಡದಾರಿ ಹಿಡಿದಿದ್ದೆ.

ತವರಿನ ನೆನಪು

ಇಬ್ಬರೂ ಹೇಳಿದ ದಾಖಲೆಗಳಲ್ಲಿ ಕಾಣುವುದು ಹೆಚ್ಚಾಗಿ ಗಂಡುಮಕ್ಕಳ ಸಾಲೇ. ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟರು, ಎಲ್ಲಿಂದ ತಂದರು ಎಂಬುದು ಮನೆಯ ಹೆಂಗಸರ ನೆನಪಿನಲ್ಲಿ ಉಳಿದಿರುತ್ತದೆ; ಆದ್ದರಿಂದ ನಿಮ್ಮ ಸೋದರತ್ತೆಯ ಮಾತನ್ನು ದೊಡ್ಡಪ್ಪನೆದುರು ಕೇಳದೆ, ಬೇರೆಯಾಗಿ ಕೂತು ಕೇಳಿರಿ. ಇನ್ನೊಂದು ಸಂಗತಿ: ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಧಾತು 1876–77ರಲ್ಲಿಯೂ ಬಂದಿತ್ತು, 1936–37ರಲ್ಲಿಯೂ ಬಂದಿತ್ತು. ಅಜ್ಜನ ಅಜ್ಜನ ಕಾಲವೆಂದರೆ ಮೊದಲಿನದೇ ಇರಬೇಕು, ಆದರೂ ತಲೆಮಾರು ಎಣಿಸಿ ನೋಡಿರಿ.

ನವನಗರವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸೋದರತ್ತೆಯನ್ನು ಕೇಳಿದೆ. ಅವರು ಹೇಳುತ್ತಿದ್ದ ಊರು ಅಜ್ಜನ ಅಜ್ಜನದಲ್ಲ, ಅವನ ಹೆಂಡತಿಯ ತವರಂತೆ. ಹೆಳವರು ಸುಗ್ಗಿಯ ಹೊತ್ತಿಗೆ ಬರುತ್ತಾರೆಂದು ಭಾವಬಂದರು ತಿಳಿಸಿದ್ದಾರೆ. ಅಷ್ಟರೊಳಗೆ ಆ ಮೂರು ಕಾಗದಗಳನ್ನು ಮೋಡಿ ಬಲ್ಲವರಿಗೆ ತೋರಿಸುತ್ತೇನೆ.